ಹದಕ್ಕೆ ಕಾದ ಟ್ರ್ಯಾಕ್ಟರ್: ಎಂಟು ಗುಂಟೆ ಹಿತ್ತಲಿನ ಒಂದು ಪ್ರಕರಣ

ಬಾಡಿಗೆ ಟ್ರ್ಯಾಕ್ಟರ್ ಬಂದರೆ ಅದು ಬಂದ ದಿನವೇ ಉಳಬೇಕು. ಪಕ್ಕದ ಮನೆಯವರ ಟ್ರ್ಯಾಕ್ಟರ್ ಆದರೆ ಮಣ್ಣು ಹದಕ್ಕೆ, ಅಂದರೆ ಉಳಲು ತಕ್ಕಷ್ಟು ತೇವಕ್ಕೆ, ಬಂದ ದಿನ ಉಳಬಹುದು. ಊರಲ್ಲಿ ಟ್ರ್ಯಾಕ್ಟರ್ ಇರುವವನು ನೆರೆಯವರಿಗೆ ಮಾಡಬಹುದಾದ ದೊಡ್ಡ ಸಹಾಯ ಹೀಗೆ ಹದಕ್ಕೆ ಕಾಯುವುದೇ ಅಂತ ನನ್ನ ನಂಬಿಕೆ. ಬಾಡಿಗೆ ಬಿಟ್ಟುಕೊಡೋದು, ಕಡಿಮೆ ತಗೊಳ್ಳೋದು ಎಲ್ಲ ಆಮೇಲಿನ ಮಾತು. ತುಮಕೂರು ಜಿಲ್ಲೆ ಕೊರಟಗೆರೆ ತಾಲ್ಲೂಕಿನ ನಮ್ಮೂರಿನ ಒಂದು ಹಿತ್ತಲಿನ ಕಥೆಯನ್ನು ಪೂರ್ತಿಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಸಣ್ಣ ಜಾಗದಲ್ಲಿ ತರಕಾರಿ ಮಾಡಬೇಕು ಅಂತಿರುವವರಿಗೂ, ಅಂಥವರ ಪಕ್ಕದಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡಿರುವವರಿಗೂ ಇದು ಬೇಕಾಗಬಹುದು.

ಹಿತ್ತಲು ಪಕ್ಕದ ಮನೆಯ ಅಕ್ಕನದು. ವಯಸ್ಸು ಅರವತ್ತರ ಹತ್ತಿರ. ಯಜಮಾನರು ತೀರಿಕೊಂಡಿದ್ದಾರೆ, ಮಗ ಪೀಣ್ಯದಲ್ಲಿ ಕೆಲಸಕ್ಕಿದ್ದಾನೆ. ಮನೆಯಲ್ಲಿ ಎರಡು ಸೀಮೆಹಸು. ಮನೆ ಹಿಂದೆ ಎಂಟು ಗುಂಟೆ ಜಾಗ, ಅಡ್ಡ 66 ಅಡಿ, ಉದ್ದ 132 ಅಡಿ. ಹಿಂದೆ ಅಲ್ಲಿ ರಾಗಿ, ಅವರೆ ಎಲ್ಲ ಆಗುತ್ತಿತ್ತು. ಯಜಮಾನರು ಹೋದ ಮೇಲೆ ಬೀಳು ಬಿದ್ದು ಗರಿಕೆ, ಕಾಂಗ್ರೆಸ್ ಗಿಡ, ಬದುವಿನ ಕಡೆ ಬಳ್ಳಾರಿ ಜಾಲಿ ತುಂಬಿಕೊಂಡಿತ್ತು. ಅಕ್ಕನಿಗೆ ಆಸೆ ಇದ್ದದ್ದು ಇಷ್ಟೇ: ಮನೆಗೆ ಬೇಕಾದ ತರಕಾರಿ ಸೊಪ್ಪು ಬೆಳೆಯಬೇಕು, ಮಿಕ್ಕಿದ್ದು ಸಂತೆಗೆ ಹೋಗಬೇಕು.

ಹಿಂದಿನ ವರ್ಷ ಅವರು ಈ ಆಸೆಗೆ ದುಡ್ಡು ಹಾಕಿದ್ದರು. ಮಳೆ ಬಿದ್ದ ಮಾರನೇ ದಿನ ಬಾಡಿಗೆ ಟ್ರ್ಯಾಕ್ಟರ್ ಒಂದು ಬಂದು ಮಣ್ಣು ಕಡಿದು ಪುಡಿ ಮಾಡುವ ರೋಟವೇಟರ್ ಎರಡು ಸುತ್ತು ಹೊಡೆದು ಹೋಗಿತ್ತು. ನೋಡೋಕೆ ಬಹಳ ಚೆನ್ನಾಗಿತ್ತು. ಮಣ್ಣೆಲ್ಲ ಪುಡಿಪುಡಿ, ಒಂದು ಹುಲ್ಲುಕಡ್ಡಿ ಕಾಣುತ್ತಿರಲಿಲ್ಲ. ಅಕ್ಕ ಬೀನ್ಸ್, ದಂಟು, ಮೂಲಂಗಿ ಬೀಜ ಹಾಕಿದರು. ಎರಡು ಜೋರು ಮಳೆ ಬಿದ್ದು ಬಿಸಿಲು ಬಂದಾಗ ಮೇಲ್ಮಣ್ಣು ಚಕ್ಕೆ ಕಟ್ಟಿ ಗಟ್ಟಿಯಾಯಿತು. ಬೀನ್ಸ್ ಮೊಳಕೆ ಆ ಚಕ್ಕೆಯಡಿ ಕತ್ತು ಮುರಿದುಕೊಂಡು ನಿಂತಿತು. ದಂಟು ಮೇಲೆ ಬರಲೇ ಇಲ್ಲ. ಬಂದದ್ದು ಗರಿಕೆ ಒಂದೇ, ಅದೂ ಮೊದಲು ಇಲ್ಲದ ಕಡೆಯೆಲ್ಲ.

ಆ ಡ್ರೈವರ್‌ನನ್ನು ದೂರಬೇಕು ಅಂತ ನನಗೆ ಅನಿಸೋದಿಲ್ಲ. ಅವನಿಗೆ ಆ ದಿನ ಇನ್ನೂ ನಾಲ್ಕಾರು ಹೊಲ ಕಾಯುತ್ತಿರುತ್ತವೆ. ಗಂಟೆ ಲೆಕ್ಕದ ಕೆಲಸ. ಎಂಟು ಗುಂಟೆಗೆ ಮೂರು ಸಲ ಬಂದು ಹೋಗು ಅಂದರೆ ಯಾರಿಗೂ ಗಿಟ್ಟೋದಿಲ್ಲ. ಸರ್ಕಾರ 2014-15ರಲ್ಲಿ ಶುರು ಮಾಡಿದ ಕೃಷಿ ಯಂತ್ರಧಾರೆ ಕೇಂದ್ರಗಳಿಂದ ಹೋಬಳಿ ಮಟ್ಟದಲ್ಲಿ ಯಂತ್ರಗಳು ಬಾಡಿಗೆಗೆ ಸಿಗೋ ಹಾಗಾಯಿತು, ಅದು ಒಳ್ಳೆಯದೇ. ಆದರೆ ಸರದಿ ಮೇಲೆ ಸಿಗುವ ಯಂತ್ರ ಯಾವುದೇ ಆಗಲಿ, ಎಂಟು ಗುಂಟೆಯ ಮಣ್ಣಿನ ಹದಕ್ಕೆ ಕಾದು ನಿಲ್ಲೋಕೆ ಆಗಲ್ಲ ಅಲ್ವಾ.

ಸಂಕ್ರಾಂತಿ ಕಳೆದ ಮೇಲೆ ಅಕ್ಕ ಬಂದು ಕೇಳಿದರು. "ನಿನ್ನ ಟ್ರ್ಯಾಕ್ಟರ್‌ನಲ್ಲಿ ಒಂದ್ಸಲ ರೋಟವೇಟರ್ ಹೊಡೆದುಬಿಡಪ್ಪ, ದುಡ್ಡು ಎಷ್ಟಾಗುತ್ತೋ ಕೊಡ್ತೀನಿ."

"ಹೊಡೆಯೋಣ ಅಕ್ಕ, ಈಗ ಬೇಡ. ಮೊದಲು ಜಾಗ ನೋಡೋಣ ಬನ್ನಿ" ಅಂದೆ.

ಟ್ರ್ಯಾಕ್ಟರ್ ಇಳಿಸೋ ಮುಂಚೆ

ಹಾರೆ, ಸನಿಕೆ ತಗೊಂಡು ಹೋದೆವು. ಹಾರೆಯನ್ನು ಕೈಯಿಂದ ಒತ್ತಿದರೆ ನಾಲ್ಕು ಇಂಚು ಸಲೀಸಾಗಿ ಇಳಿಯಿತು, ಅಲ್ಲಿಗೆ ನಿಂತಿತು. ಐದಾರು ಕಡೆ ಹಾಗೇ. ಒಂದು ಕಡೆ ಒಂದಡಿ ಗುಂಡಿ ತೋಡಿದೆ. ಮೇಲಿನ ನಾಲ್ಕು ಇಂಚು ಸಡಿಲ ಕೆಮ್ಮಣ್ಣು. ಅದರ ಕೆಳಗೆ ಎರಡು ಇಂಚಿನಷ್ಟು ದಪ್ಪದ ಒಂದು ಪದರ, ಸನಿಕೆ ಬಾಯಿಗೆ ಟಣ್ ಅನ್ನುವಷ್ಟು ಗಟ್ಟಿ. ಅದರ ಕೆಳಗೆ ಮತ್ತೆ ಮೆತ್ತಗಿನ ಮಣ್ಣು, ಇನ್ನೂ ಕೆಳಗೆ ಗರಸು. ಗರಿಕೆಯ ಬಿಳಿ ಬೇರುಗೆಣ್ಣುಗಳು ಆ ಗಟ್ಟಿ ಪದರದ ಮೇಲೆ ಅಡ್ಡಡ್ಡ ಹರಿದಿದ್ದವು. ಕೆಳಗೆ ಒಂದೂ ಇಳಿದಿರಲಿಲ್ಲ.

ಆ ಪದರ ಹುಟ್ಟಿನಿಂದ ಇದ್ದದ್ದಲ್ಲ. ರೋಟವೇಟರ್‌ನ ಬ್ಲೇಡುಗಳು ಸುತ್ತುವಾಗ ತಮ್ಮ ಆಳದ ಕೊನೆಯಲ್ಲಿ ಮಣ್ಣನ್ನು ಉಜ್ಜಿ ಒತ್ತುತ್ತವೆ. ಮಣ್ಣು ಹಸಿ ಇದ್ದರೆ ಆ ಉಜ್ಜಿದ ಜಾಗ ನುಣ್ಣಗೆ ಮೆತ್ತಿಕೊಂಡು, ಒಣಗಿದ ಮೇಲೆ ಕಲ್ಲಾಗುತ್ತದೆ. ಮೇಲೆ ಬಿದ್ದ ನೀರು ಇಂಗದೆ ಅಲ್ಲೇ ನಿಲ್ಲುತ್ತದೆ, ತರಕಾರಿ ಬೇರು ಅಲ್ಲಿಂದ ಕೆಳಗೆ ಹೋಗೋದಿಲ್ಲ. ಮತ್ತೊಂದು ಸಲ ಅದೇ ಆಳಕ್ಕೆ ರೋಟವೇಟರ್ ಹೊಡೆದರೆ ಆ ಪದರ ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೇ.

ಗರಿಕೆಯ ವಿಷಯವೂ ಹೀಗೇ. ಗರಿಕೆ ಗೆಣ್ಣು ಗೆಣ್ಣಿನಲ್ಲೂ ಚಿಗುರುತ್ತದೆ. ಒಂದು ಮೊಳ ಉದ್ದದ ಬೇರನ್ನು ರೋಟವೇಟರ್ ಹತ್ತು ತುಂಡು ಮಾಡಿ ಹರಡಿದರೆ ಹತ್ತು ಗಿಡ ಆಗುತ್ತದೆ. ಅಲ್ಲಲ್ಲಿ ಇದ್ದ ಗರಿಕೆ ಇಡೀ ಹಿತ್ತಲಿಗೆ ಹೇಗೆ ಬಂತು ಅನ್ನೋದಕ್ಕೆ ಉತ್ತರ ಆ ಗುಂಡಿಯಲ್ಲೇ ಇತ್ತು. ಗುಂಡಿಯಿಂದ ಒಂದು ಹಿಡಿ ತುಂಡುಗಳನ್ನು ಆರಿಸಿ ಅಕ್ಕನ ಕೈಗೆ ಕೊಟ್ಟೆ. ಒಂದೊಂದೂ ಬೆರಳುದ್ದ, ಎರಡೂ ತುದಿ ಕತ್ತರಿಸಿದ ಹಾಗೆ ಚೊಕ್ಕವಾಗಿತ್ತು, ನಡುವೆ ಮೊಗ್ಗಿನಂಥ ಚಿಗುರು. ಅವರು ಸ್ವಲ್ಪ ಹೊತ್ತು ನೋಡಿ, "ಹಂಗಾದ್ರೆ ದುಡ್ಡು ಕೊಟ್ಟು ಗರಿಕೆ ನಾಟಿ ಮಾಡಿಸಿದ್ದೀನಿ ಅನ್ನು" ಅಂದರು. ಅಲ್ಲಿಂದ ಮುಂದೆ ರೋಟವೇಟರ್ ಬೇಗ ಹೊಡಿ ಅಂತ ಅವರು ಕೇಳಲಿಲ್ಲ.

ಆಮೇಲೆ ಮಣ್ಣಿನ ಒಳಗೆ ಏನೇನಿದೆ ಅಂತ ಪಟ್ಟಿ ಮಾಡಿದೆವು. ಹಿತ್ತಲು ಅಂದರೆ ಹೊಲ ಅಲ್ಲ, ಅಲ್ಲಿ ಮನೆಯ ಎಲ್ಲಾ ಕೊಳವೆಗಳೂ ಹುದುಗಿರುತ್ತವೆ. ನಲ್ಲಿ ನೀರಿನ ಪೈಪು ಗೇಟಿನಿಂದ ಮನೆಗೆ ಹೋಗುವ ಕಡೆ ಒಂದಡಿ ಆಳದಲ್ಲೂ ಇರಲಿಲ್ಲ. ಶೌಚಾಲಯದ ಇಂಗುಗುಂಡಿಗಳು ಎರಡು, ಮೇಲೆ ಚಪ್ಪಡಿ, ಚಪ್ಪಡಿ ಮೇಲೆ ಮಣ್ಣು ಮುಚ್ಚಿ ಹುಲ್ಲು ಬೆಳೆದು ಗೊತ್ತೇ ಆಗುತ್ತಿರಲಿಲ್ಲ. ನನ್ನದು 35 ಎಚ್‌ಪಿ ಟ್ರ್ಯಾಕ್ಟರ್. ಹಿಂದೆ ಕಟ್ಟಿದ ಸಾಮಾನೂ ಸೇರಿದರೆ ಎರಡು ಟನ್ ಮುಟ್ಟುತ್ತದೆ. ಹಿಂದಿನ ಚಕ್ರ ಆ ಚಪ್ಪಡಿ ಮೇಲೆ ಹೋದರೆ ಚಪ್ಪಡಿಯೂ ಇರಲ್ಲ, ಟ್ರ್ಯಾಕ್ಟರ್ ಪಕ್ಕಕ್ಕೆ ಮಗುಚಿ ಜೀವಕ್ಕೇ ಕುತ್ತು ಬರಬಹುದು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಈಗ ಹಳ್ಳಿಯಲ್ಲಿ ಬಹಳ ಮನೆಗಳ ಹಿಂದೆ ಇಂಥ ಗುಂಡಿ ಇದೆ. ಅದರ ಸುತ್ತ ನಾಲ್ಕು ಗೂಟ ನೆಟ್ಟು, ಹಳೇ ಕೆಂಪು ಸೀರೆ ಹರಿದು ಕಟ್ಟಿ, ಆರು ಅಡಿ ದೂರ ಬಿಡೋದು ಅಂತ ಮಾಡಿಕೊಂಡೆವು.

ಜಾಲಿ ಗಿಡಗಳನ್ನು ಬೇರು ಸಮೇತ ಕಿತ್ತು ಬೆಂಕಿ ಹಾಕಿದ್ದಾಯಿತು. ಬಟ್ಟೆ ಒಣಗಿಸುವ ಹಳೇ ತಂತಿ, ಹಸು ಕಟ್ಟುವ ಹಗ್ಗದ ತುಂಡು, ಸಿಮೆಂಟ್ ಚೀಲ, ಇವನ್ನೆಲ್ಲ ಒಂದು ಮಂಕರಿ ಆರಿಸಿದರು. ರೋಟವೇಟರ್‌ಗೆ ತಂತಿ ಸುತ್ತಿಕೊಂಡರೆ ಬಿಚ್ಚೋಕೆ ಅರ್ಧ ದಿನ ಹೋಗುತ್ತದೆ, ಸೀಲ್ ಹರಿದು ಆಯಿಲ್ ಸೋರೋಕೂ ಶುರುವಾಗುತ್ತದೆ.

ಇನ್ನೊಂದು ಬದುವಿನ ವಿಚಾರ. ಪಶ್ಚಿಮದ ಕಡೆ ಜಾಗ ಬೇರೆಯವರದು, ಅವರು ಮಧುಗಿರಿಯಲ್ಲಿದ್ದಾರೆ. ಒಂದು ಬಾಂದು ಕಲ್ಲು ಕಾಣುತ್ತಿತ್ತು, ಇನ್ನೊಂದು ಮಣ್ಣಲ್ಲಿ ಹೂತುಹೋಗಿತ್ತು. ಟ್ರ್ಯಾಕ್ಟರ್ ಹಲ್ಲು ಬದುವನ್ನು ವರ್ಷಕ್ಕೆ ಒಂದು ಗೇಣು ತಿಂದರೂ ಸಾಕು, ಹತ್ತು ವರ್ಷದಲ್ಲಿ ಎರಡು ಮನೆಗಳ ನಡುವೆ ಮಾತು ನಿಲ್ಲುತ್ತದೆ. ಅಕ್ಕನಿಂದ ಅವರಿಗೆ ಫೋನ್ ಮಾಡಿಸಿದೆ. ಅವರು ಒಂದು ಭಾನುವಾರ ಬಂದರು, ಹೂತ ಕಲ್ಲು ತೋಡಿ ತೆಗೆದರು, ಎರಡು ಕಲ್ಲಿನ ನಡುವೆ ಹಗ್ಗ ಹಿಡಿದು ಸುಣ್ಣದ ಗೆರೆ ಎಳೆದೆವು. ಗೆರೆಯಿಂದ ಮೂರಡಿ ಈಚೆಗೇ ಟ್ರ್ಯಾಕ್ಟರ್ ನಿಲ್ಲಿಸುತ್ತೇನೆ ಅಂದಾಗ ಅವರ ಮುಖ ಸಡಿಲವಾಯಿತು, ಅಕ್ಕ ಕೊಟ್ಟ ಕಾಫಿ ಕುಡಿದು ಹೋದರು.

ನೀರಿನ ಲೆಕ್ಕ

ಎಂಟು ಗುಂಟೆಗೂ ತರಕಾರಿ ಹಾಕಬೇಕು ಅಂತ ಅಕ್ಕನಿಗಿತ್ತು. ನನಗೆ ಅದು ಆಗೋ ಮಾತು ಅನಿಸಲಿಲ್ಲ. ಅವರ ಮೈದುನರ ಬೋರ್‌ವೆಲ್‌ನಿಂದ ದಿನಕ್ಕೆ ಒಂದು ಸಾವಿರ ಲೀಟರ್ ಟ್ಯಾಂಕು ತುಂಬಿಸಿಕೊಳ್ಳಬಹುದು, ಅಷ್ಟೇ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ನಮ್ಮ ಕಡೆ ಬಿಸಿಲ ದಿನಗಳಲ್ಲಿ ತರಕಾರಿಗೆ ದಿನಕ್ಕೆ ಐದು ಮಿಲಿಮೀಟರ್ ಹಿಡಿದರೆ, ಸಾವಿರ ಲೀಟರ್ 200 ಚದರ ಮೀಟರ್ ಮಡಿಗೆ ಸಾಕಾಗುತ್ತದೆ. ಓಡಾಡೋ ದಾರಿ ಎಲ್ಲ ಸೇರಿಸಿದರೆ ಮೂರು, ಮೂರೂವರೆ ಗುಂಟೆ.

ಕಳೆಯ ಲೆಕ್ಕವೂ ಅಲ್ಲಿಗೇ ಬಂತು. ಟ್ರ್ಯಾಕ್ಟರ್ ಅರ್ಧ ಗಂಟೆಯಲ್ಲಿ ಎಂಟು ಗುಂಟೆ ಉತ್ತುಬಿಡುತ್ತದೆ. ಆಮೇಲೆ ಆರು ತಿಂಗಳು ಆ ಮಣ್ಣನ್ನು ನೋಡಿಕೊಳ್ಳಬೇಕಾದ್ದು ಅರವತ್ತು ವರ್ಷದ ಎರಡು ಕೈ. ಹಾಗಾಗಿ ಮನೆ ಕಡೆಯ ಮೂರು ಗುಂಟೆ ತರಕಾರಿ ಮಡಿಗೆ, ಆಚೆಯ ಐದು ಗುಂಟೆ ಮೊದಲು ಹಸಿರೆಲೆ ಗೊಬ್ಬರಕ್ಕೆ ಸೆಣಬು ಬೆಳೆದು ಮಣ್ಣಿಗೆ ಸೇರಿಸಿ, ಆಮೇಲೆ ಅವರೆ ಹಾಕೋದು ಅಂತ ತೀರ್ಮಾನ ಆಯಿತು. ಅಕ್ಕನಿಗೆ ಇದು ಪೂರ್ತಿ ಒಪ್ಪಿಗೆ ಇರಲಿಲ್ಲ. "ಜಾಗ ಸುಮ್ನೆ ಬಿಟ್ಟಂಗೆ ಆಗಲ್ವೇನಪ್ಪ" ಅಂದರು. ಸೆಣಬು ದಟ್ಟವಾಗಿ ಬೆಳೆದರೆ ಅದರ ನೆರಳಲ್ಲಿ ಗರಿಕೆ ಸೊರಗುತ್ತದೆ, ಗರಿಕೆಗೆ ನೆರಳು ಆಗಿ ಬರಲ್ಲ ಅಂತ ಹೇಳಿದ ಮೇಲೆ ಒಪ್ಪಿದರು.

ಅದೇ ವಾರ ಮಣ್ಣಿನ ಮಾದರಿಯನ್ನೂ ತೆಗೆದೆವು. ಹಲವು ಕಡೆ ಆರು ಇಂಚು ಆಳದ ಇಂಗ್ಲಿಷ್ ವಿ ಆಕಾರದ ಗುಂಡಿ, ಅದರ ಬದಿಯಿಂದ ಒಂದು ಪದರ ಮಣ್ಣು, ಎಲ್ಲ ಸೇರಿಸಿ ನಾಲ್ಕು ಭಾಗ ಮಾಡಿ ಎದುರುಬದುರು ಭಾಗ ಉಳಿಸಿಕೊಳ್ಳುತ್ತಾ ಅರ್ಧ ಕೆಜಿಗೆ ಇಳಿಸೋದು. ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟು ಬಂದರು.

ಮೊದಲ ಉಕ್ಕೆ (ಉಳುಮೆ)

ಅಶ್ವಿನಿ ಮಳೆ ಏಪ್ರಿಲ್ ನಡುವಿನಿಂದ ಶುರು. ಆ ವರ್ಷ ಒಂದು ಒಳ್ಳೆ ಮಳೆ ಕೊಟ್ಟಿತು. ಮಾರನೇ ದಿನವೇ ಅಕ್ಕ ಬಂದು ಬಾಗಿಲಲ್ಲಿ ನಿಂತರು. ಹೋಗಿ ನಾಲ್ಕು ಇಂಚು ಕೆಳಗಿನ ಮಣ್ಣು ಒಂದು ಹಿಡಿ ತೆಗೆದು ಉಂಡೆ ಮಾಡಿದೆ. ಸೊಂಟದ ಎತ್ತರದಿಂದ ಬಿಟ್ಟರೆ ಉಂಡೆ ಚಪ್ಪಟೆಯಾಗಿ ಕೂತಿತು, ಒಡೆಯಲಿಲ್ಲ. ಅಂಗೈಗೆಲ್ಲ ಮಣ್ಣು ಮೆತ್ತಿಕೊಂಡಿತ್ತು. "ಇನ್ನೂ ಇಲ್ಲ ಅಕ್ಕ" ಅಂದೆ. ಉಂಡೆಯೇ ಕಟ್ಟದಿದ್ದರೆ ಮಣ್ಣು ಒಣಗಿದೆ, ಉತ್ತರೆ ದೂಳು ಅಥವಾ ದೊಡ್ಡ ಹೆಂಟೆ. ಉಂಡೆ ಕಟ್ಟಿ, ಬಿದ್ದಾಗ ಪುಡಿಪುಡಿಯಾಗಿ ಚದುರಿದರೆ ಅದೇ ಹದ. ನಮ್ಮ ಮರಳು ಮಿಶ್ರಿತ ಕೆಮ್ಮಣ್ಣಿನಲ್ಲಿ ಒಳ್ಳೆ ಮಳೆ ಆದ ಎರಡು ಮೂರು ದಿನಕ್ಕೆ ಹದ ಬರುತ್ತದೆ, ಬಿಸಿಲು ಜೋರಿದ್ದರೆ ಅಷ್ಟೇ ಬೇಗ ಹೋಗಿಯೂ ಬಿಡುತ್ತದೆ. ಆ ಒಂದೆರಡು ದಿನದ ಕಿಂಡಿಯಲ್ಲಿ ನುಗ್ಗಬೇಕು. ಅಕ್ಕ ಉಂಡೆ ಬಿಡೋದನ್ನು ಕಲಿತುಕೊಂಡು, ಆಮೇಲೆ ತಾವೇ ಬೆಳಿಗ್ಗೆ ಸಂಜೆ ನೋಡಿ ಹೇಳುತ್ತಿದ್ದರು. ಕೊನೆಗೆ ಟ್ರ್ಯಾಕ್ಟರ್ ಯಾವಾಗ ಇಳಿಯಬೇಕು ಅಂತ ಹೇಳಿದ್ದೂ ಅವರೇ.

ನೆಲ ಸೀಳುವ ಕಲ್ಟಿವೇಟರ್‌ಗೆ ಒಂಬತ್ತು ಹಲ್ಲು. ಅದರಲ್ಲಿ ನಾಲ್ಕು ಬಿಚ್ಚಿ ಐದನ್ನೇ ಉಳಿಸಿದೆ. ಒಂಬತ್ತೂ ಇದ್ದರೆ ಭಾರವೆಲ್ಲ ಹಂಚಿಹೋಗಿ ಯಾವುದೂ ಆ ಗಟ್ಟಿ ಪದರಕ್ಕೆ ಇಳಿಯುವುದಿಲ್ಲ, ಮೇಲೆ ಗೀರಿಕೊಂಡು ಹೋಗುತ್ತದೆ. ಐದು ಹಲ್ಲಾದರೆ ಏಳು ಇಂಚು ಇಳಿಯುತ್ತದೆ, ಹಲ್ಲುಗಳ ನಡುವೆ ಜಾಗ ಇರುವುದರಿಂದ ಗರಿಕೆ ಬಲೆಯೂ ಕಡಿಮೆ ಸಿಕ್ಕಿಕೊಳ್ಳುತ್ತದೆ. ಕಡಿಮೆ ಗೇರ್, ನಿಧಾನದ ನಡಿಗೆ. ಮೊದಲನೇ ಸಾಲಿನಲ್ಲೇ ಇಂಜಿನ್ ಸದ್ದು ಬದಲಾದದ್ದು ಕೇಳಿಸಿತು, ಹಿಂದೆ ತಿರುಗಿ ನೋಡಿದರೆ ಮಣ್ಣು ಪುಡಿಯಾಗಿ ಬರುತ್ತಿರಲಿಲ್ಲ. ಎರಡು ಇಂಚು ದಪ್ಪದ ಚಪ್ಪಡಿ ಚೂರುಗಳು ಮೇಲೆದ್ದು ಮಗುಚಿಕೊಳ್ಳುತ್ತಿದ್ದವು. ಹಿಂದಿನ ವರ್ಷದ ಪದರ ಅದು. ಅಡಿಭಾಗ ನುಣ್ಣಗೆ ಹೊಳೆಯುತ್ತಿತ್ತು.

ಸಣ್ಣ ಜಾಗದಲ್ಲಿ ಟ್ರ್ಯಾಕ್ಟರ್ ತಿರುಗಿಸೋದೇ ದೊಡ್ಡ ಕೆಲಸ. ಹಿತ್ತಲಿನ ಇಳಿಜಾರು 66 ಅಡಿಯ ಕಡೆಗಿತ್ತು. 132 ಅಡಿಯ ಉದ್ದಕ್ಕೆ ಉತ್ತರೆ ಇಳಿಜಾರಿಗೆ ಅಡ್ಡಲಾಗಿ ಸಾಲು ಬೀಳುತ್ತದೆ, ಮಳೆ ನೀರು ಸಾಲುಸಾಲಿಗೂ ನಿಂತು ಇಂಗುತ್ತದೆ, ತಿರುಗುವ ಸಲವೂ ಕಮ್ಮಿ. ಎರಡೂ ತುದಿಯಲ್ಲಿ ಹದಿನೈದು ಅಡಿ ತಿರುಗಲಿಕ್ಕೆ ಬಿಟ್ಟು, ಮಧ್ಯದ್ದೆಲ್ಲ ಮುಗಿದ ಮೇಲೆ ಆ ತುದಿಗಳನ್ನು ಅಡ್ಡ ಉತ್ತೆ. ಮೂಲೆಗಳಿಗೆ ಟ್ರ್ಯಾಕ್ಟರ್ ತೂರಿಸಲಿಲ್ಲ. ಅವನ್ನು ಸನಿಕೆಯಲ್ಲಿ ಮಾಡೋದು ಅಂತ ಮೊದಲೇ ಮಾತಾಗಿತ್ತು.

ಸಾಲಿನ ಕೊನೆಗೆ ಬಂದಾಗೆಲ್ಲ ಹಲ್ಲುಗಳಲ್ಲಿ ಒಂದೊಂದು ಮಂಕರಿ ಗರಿಕೆ ಸಿಕ್ಕಿರುತ್ತಿತ್ತು. ಕಲ್ಟಿವೇಟರ್ ನೆಲಕ್ಕೆ ಇಳಿಸಿ, ಇಂಜಿನ್ ಆಫ್ ಮಾಡಿ, ಬೀಗದ ಕೈ ಜೇಬಿಗೆ ಹಾಕಿಕೊಂಡೇ ಬಿಡಿಸಿದ್ದು. ಊರಿನ ಹುಡುಗರು ಮಡ್‌ಗಾರ್ಡ್ ಮೇಲೆ ಕೂರುತ್ತೀವಿ ಅಂತ ಬಂದಿದ್ದರು. ಬೇಡ ಅಂದದ್ದಕ್ಕೆ ಮುನಿಸಿಕೊಂಡರು. ಟ್ರ್ಯಾಕ್ಟರ್‌ನಲ್ಲಿ ಸೀಟು ಒಂದೇ, ಜನವೂ ಒಬ್ಬರೇ ಇರಬೇಕು. ಇದರಲ್ಲಿ ಮುಲಾಜು ಇಟ್ಟುಕೊಳ್ಳಬಾರದು.

ಉತ್ತ ಮೇಲೆ ಏನೂ ಮಾಡಲಿಲ್ಲ. ಹೆಂಟೆ ಒಡೆಯಲಿಲ್ಲ, ಮಟ್ಟ ಮಾಡಲಿಲ್ಲ. ನೋಡೋಕೆ ಹಿತ್ತಲು ಚೆನ್ನಾಗಿರಲಿಲ್ಲ, ದಾರಿಯಲ್ಲಿ ಹೋಗುವವರು ಅರ್ಧಕ್ಕೆ ಬಿಟ್ಟಿದ್ದೀರಲ್ಲ ಅನ್ನುತ್ತಿದ್ದರು. ಮಗುಚಿದ ಹೆಂಟೆಗಳಿಗೆ ಅಂಟಿಕೊಂಡ ಬೇರು ಬಿಸಿಲಿಗೆ ಬೀಳಬೇಕು, ಅದಕ್ಕೇ ಹಾಗೆ ಬಿಟ್ಟದ್ದು. ಏಪ್ರಿಲ್ ಕೊನೆಯ ಬಿಸಿಲಿಗೆ ಗರಿಕೆ ಗೆಣ್ಣು ಕೆಲವೇ ದಿನದಲ್ಲಿ ಕಂದುಬಣ್ಣಕ್ಕೆ ತಿರುಗಿ, ಮುರಿದರೆ ಚಟ್ ಅಂತ ಮುರಿಯುವಷ್ಟು ಒಣಗುತ್ತದೆ. ಮುರಿಯದೆ ಬಾಗಿದರೆ ಅದಕ್ಕಿನ್ನೂ ಜೀವ ಇದೆ.

ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ ಅಂತ ಗಾದೆ. ಭರಣಿ ಬಂದಾಗ ಬದುಕಿ ಉಳಿದ ಗರಿಕೆಯೆಲ್ಲ ಮತ್ತೆ ಹಸಿರು ತೋರಿಸಿತು. ಅದೂ ಬೇಕಿತ್ತು, ಎಲ್ಲೆಲ್ಲಿ ಉಳಿದಿದೆ ಅಂತ ಆಗಲೇ ಕಣ್ಣಿಗೆ ಬೀಳೋದು. ಹದ ನೋಡಿಕೊಂಡು ಎರಡನೇ ಉಕ್ಕೆಯನ್ನು ಮೊದಲಿನದಕ್ಕೆ ಓರೆಯಾಗಿ ಹೊಡೆದೆ. ಸಂಘದ ಹೆಂಗಸರು ನಾಲ್ಕು ಜನ ಮುಯ್ಯಾಳಾಗಿ (ಕೂಲಿಯಿಲ್ಲದೆ, ಕೆಲಸಕ್ಕೆ ಕೆಲಸ ಅಂತ) ಬಂದು ಹಿಂದೆ ಹಿಂದೆಯೇ ಬೇರು ಆರಿಸಿದರು. ಆರಿಸಿದ್ದನ್ನು ತಿಪ್ಪೆಗೆ ಹಾಕಲು ಬಿಡಲಿಲ್ಲ. ಗರಿಕೆಯ ಹಸಿ ಬೇರು ತಿಪ್ಪೆಯಲ್ಲೂ ಸಾಯೋದು ಕಷ್ಟ, ಗೊಬ್ಬರದ ಜೊತೆ ತಿರುಗಿ ತೋಟಕ್ಕೇ ಬರುತ್ತದೆ. ಬಂಡೆ ಮೇಲೆ ಒಣಗಿಸಿ ಸುಟ್ಟರು. ಈ ಕೆಲಸಕ್ಕೆ ಟ್ರ್ಯಾಕ್ಟರ್‌ಗಿಂತ ಆ ಕೈಗಳ ಪಾಲೇ ಜಾಸ್ತಿ, ಇದನ್ನು ಬರೆಯದಿದ್ದರೆ ಅವರಿಗೆ ಅನ್ಯಾಯ ಮಾಡಿದಂತೆ.

ಮಡಿ

ರೋಹಿಣಿ ಮಳೆಯ ಹೊತ್ತಿಗೆ ಮಣ್ಣು ಬೇರೆಯೇ ಆಗಿತ್ತು. ಹಾರೆ ಎಂಟು ಇಂಚು ತಡೆಯಿಲ್ಲದೆ ಇಳಿಯುತ್ತಿತ್ತು. ಈಗ ಮನೆ ಕಡೆಯ ಮೂರು ಗುಂಟೆಗೆ ರೋಟವೇಟರ್ ಕಟ್ಟಿದೆ. ನನಗೆ ರೋಟವೇಟರ್ ಮೇಲೆ ಏನೂ ದ್ವೇಷ ಇಲ್ಲ, ಅದರ ಸರದಿ ಕೊನೆಯಲ್ಲಿ ಬರಬೇಕು ಅಷ್ಟೇ. ರೋಟವೇಟರ್ ತಿರುಗಿಸುವ ಹಿಂದಿನ ದಂಡ (ಪಿಟಿಒ) ನಿಮಿಷಕ್ಕೆ 540 ಸುತ್ತು ತಿರುಗುವಾಗ ಟ್ರ್ಯಾಕ್ಟರ್ ತೀರಾ ನಿಧಾನ ಹೋದರೆ ಬ್ಲೇಡು ಒಂದೇ ಜಾಗವನ್ನು ಮತ್ತೆ ಮತ್ತೆ ಕಡಿದು ಮಣ್ಣನ್ನು ಹಿಟ್ಟು ಮಾಡುತ್ತದೆ. ಕೆಮ್ಮಣ್ಣು ಹಿಟ್ಟಾದರೆ ಮೊದಲ ಮಳೆಗೇ ಚಕ್ಕೆ ಕಟ್ಟುತ್ತದೆ. ಒಂದು ಗೇರ್ ಮೇಲೆ ಹಾಕಿ, ಒಂದೇ ಸುತ್ತು, ಮೂರು ನಾಲ್ಕು ಇಂಚು ಆಳ. ಕಡಲೆಕಾಳಿನಿಂದ ನೆಲ್ಲಿಕಾಯಿ ಗಾತ್ರದವರೆಗಿನ ಹೆಂಟೆ ಉಳಿಯಬೇಕು. ಅಕ್ಕ ಇನ್ನೊಂದು ಸುತ್ತು ಕೇಳಲಿಲ್ಲ. ಚಕ್ಕೆ ಕಟ್ಟಿದ ಕಥೆ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಮಡಿ ಅಳೆಯೋಕೆ ಹಗ್ಗ ಹಿಡಿಯಲಿಲ್ಲ. ನನ್ನ ಟ್ರ್ಯಾಕ್ಟರ್‌ನ ಹಿಂದಿನ ಎರಡು ಚಕ್ರಗಳ ನಡುಗೆರೆಯಿಂದ ನಡುಗೆರೆಗೆ 54 ಇಂಚು, ಅಂದರೆ ನಾಲ್ಕೂವರೆ ಅಡಿ. ಮೂರಡಿ ಮಡಿ, ಒಂದೂವರೆ ಅಡಿ ದಾರಿ, ಕೂಡಿದರೆ ನಾಲ್ಕೂವರೆ. ಚಕ್ರ ಒತ್ತಿದ ಜಾಗವೇ ದಾರಿ, ಎರಡು ಚಕ್ರದ ನಡುವಿನದು ಮಡಿ. ಆಚೆಯ ಐದು ಗುಂಟೆಯಲ್ಲಿ ತಿರುಗಿ, ಮನೆ ಕಡೆಗೆ ನೇರ ಬಂದು, ಅದೇ ಗುರುತಿನಲ್ಲಿ ಹಿಂದಕ್ಕೆ ಹೋಗಿ, ಮುಂದಿನ ಸಲ ಒಂದು ಚಕ್ರವನ್ನು ಹಳೇ ಗುರುತಿನಲ್ಲೇ ಇಟ್ಟು ಬರೋದು. ಮನೆ ಕಡೆ ಒಂದು ಸಲವೂ ತಿರುಗಿಸಲಿಲ್ಲ, ಹಾಗಾಗಿ ಮಡಿಯಾಗುವ ಮಣ್ಣಿನ ಮೇಲೆ ಚಕ್ರ ಹತ್ತಲೇ ಇಲ್ಲ. ಎರಡೂ ಬದುವಿನ ಕಡೆ ಮೂರು ಮೂರಡಿ ಬಿಟ್ಟು ಹದಿಮೂರು ಮಡಿ ಬಂತು.

ಆ ಮೇಲಿನದು ಸನಿಕೆ ಕೆಲಸ. ದಾರಿಯ ಮಣ್ಣನ್ನು ಎರಡೂ ಕಡೆಗೆ ಎಳೆದು ಮಡಿಯನ್ನು ಅರ್ಧ ಅಡಿ ಎತ್ತರಿಸಿದರು. ತುಮಕೂರು ಕಡೆ ಮಳೆ ಜಾಸ್ತಿ ಬರೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಟೊಮ್ಯಾಟೊ, ಮೆಣಸಿನಕಾಯಿ ಬುಡದಲ್ಲಿ ನೀರು ನಿಲ್ಲಬಾರದು ಅಂದರೆ ಈ ಎತ್ತರ ಬೇಕು.

ಗೊಬ್ಬರವನ್ನು ಮಡಿಗೆ ಮಾತ್ರ ಹಾಕಿದ್ದು. ಎಕರೆಗೆ ಹತ್ತು ಟನ್ ಕೊಟ್ಟಿಗೆ ಗೊಬ್ಬರ ಅನ್ನೋ ಲೆಕ್ಕ ಹಿಡಿದರೆ ಗುಂಟೆಗೆ 250 ಕೆಜಿ, ಮೂರು ಗುಂಟೆಗೆ 750. ಅಕ್ಕನ ತಿಪ್ಪೆಯಲ್ಲಿ ಅದಕ್ಕಿಂತ ಜಾಸ್ತಿಯೇ ಇತ್ತು. ಆದರೆ ಮೇಲಿನ ಭಾಗ ಇನ್ನೂ ಹಸಿ. ಹಸಿ ಗೊಬ್ಬರ ಹಾಕಿದರೆ ಗೊಣ್ಣೆ ಹುಳು ಬರುತ್ತದೆ, ಕಳೆ ಬೀಜವೂ ಬರುತ್ತದೆ. ಅಡಿಯ ಕಪ್ಪಗಾದ, ಸಗಣಿ ವಾಸನೆ ಹೋದ ಗೊಬ್ಬರವನ್ನೇ ತೋಡಿ ತೋಡಿ ಹಾಕಿದರು.

ಮೃಗಶಿರದಲ್ಲಿ ನಾಟಿ ಆಯಿತು. ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಸಸಿಗಳನ್ನು ನರ್ಸರಿಯಿಂದ ತಂದರು. ಬೆಂಡೆಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ, ಹಳದಿ ನಂಜು ರೋಗ ತಡೆದುಕೊಳ್ಳಲಿ ಅಂತ ತಯಾರಾದ ತಳಿ. ಬೀನ್ಸ್, ದಂಟು, ಮೂಲಂಗಿ ಮತ್ತೆ ಬೀಜವೇ. ಈ ಸಲ ಬಿತ್ತಿದ ಸಾಲಿನ ಮೇಲೆ ಒಣ ಹುಲ್ಲು ತೆಳ್ಳಗೆ ಹರಡಿದರು. ಮಳೆ ಹನಿ ನೇರ ಮಣ್ಣಿಗೆ ಹೊಡೆಯದಿದ್ದರೆ ಚಕ್ಕೆ ಕಟ್ಟೋದು ಕಮ್ಮಿ. ಬೀನ್ಸ್ ಸಾಲು ಬಿಡದೆ ಎದ್ದಿತು. ದಂಟು ಸ್ವಲ್ಪ ಅಲ್ಲಲ್ಲಿ ಖಾಲಿ ಬಿತ್ತು, ಅದರ ಬೀಜವೇ ಅಷ್ಟು ಸಣ್ಣದು.

ಆಚೆಯ ಐದು ಗುಂಟೆಗೆ ಸೆಣಬು ಚೆಲ್ಲಿದ್ದರು. ಹೂವಿಗೆ ಬರುವ ಹೊತ್ತಿಗೆ, ನಲವತ್ತೈದು ದಿನದ ಆಸುಪಾಸಿನಲ್ಲಿ, ಅದನ್ನು ರೋಟವೇಟರ್‌ನಲ್ಲಿ ಮಣ್ಣಿಗೆ ಸೇರಿಸಿದೆ. ತಡ ಮಾಡಿದರೆ ಸೆಣಬಿನ ಕಾಂಡ ನಾರಾಗಿ ಬೇಗ ಕೊಳೆಯಲ್ಲ. ಮೂರು ವಾರ ಬಿಟ್ಟು ಆಗಸ್ಟ್‌ನಲ್ಲಿ ಅವರೆ ಬಿತ್ತಿದರು. ಚಳಿಗಾಲಕ್ಕೆ ಸೊಗಡಿನ ಅವರೆ ಬಂತು, ಮಗ ಪೀಣ್ಯಕ್ಕೆ ಚೀಲಗಟ್ಟಲೆ ತಗೊಂಡು ಹೋದ. ತರಕಾರಿ ಮಡಿಯಿಂದ ಮನೆಗೆ ಆಗಿ ಮಿಕ್ಕಿದ್ದು ಸಂತೆಗೆ ಹೋಯಿತು. ಟೊಮ್ಯಾಟೊ ಬೆಲೆ ಆ ಹೊತ್ತಿಗೆ ಇಳಿದಿತ್ತು, ಅದರಲ್ಲಿ ಹೆಚ್ಚು ಕಾಸು ಸಿಗಲಿಲ್ಲ. ಸೊಪ್ಪು ಮತ್ತು ಬೀನ್ಸ್ ಕೈ ಹಿಡಿದವು.

ದುಡ್ಡಿನ ಮಾತು

ಎಲ್ಲಾ ಉಕ್ಕೆ, ರೋಟವೇಟರ್ ಸೇರಿ ಹತ್ತು ಲೀಟರ್ ಒಳಗೆ ಡೀಸೆಲ್. ಆ ದುಡ್ಡನ್ನು ನಾನು ಅಕ್ಕನಿಂದ ಇಸಿದುಕೊಂಡೆ. ಬೇಡ ಅನ್ನಬಹುದಿತ್ತಲ್ಲ ಅಂತ ಮನೆಯಲ್ಲೂ ಕೇಳಿದರು. ಪುಕ್ಕಟೆ ಮಾಡಿಕೊಟ್ಟರೆ ಎರಡನೇ ಸಲ ಕರೆಯೋಕೆ ಅವರಿಗೆ ಸಂಕೋಚ ಆಗುತ್ತದೆ. ಸಂಕೋಚ ಆದರೆ "ಇವತ್ತು ಹದ ಬಂದಿದೆ, ಬಾ" ಅಂತ ಬೆಳಿಗ್ಗೆ ಆರು ಗಂಟೆಗೆ ಬಾಗಿಲು ತಟ್ಟೋದಿಲ್ಲ. ಈ ಕೆಲಸ ನಿಂತಿದ್ದೇ ಆ ಬಾಗಿಲು ತಟ್ಟೋದರ ಮೇಲೆ. ಬಾಡಿಗೆ ಅಂತ ಏನೂ ತಗೊಳ್ಳಲಿಲ್ಲ. ಅಕ್ಕ ನಮ್ಮ ಕಡಲೆಕಾಯಿ ಕೀಳೋಕೆ ಮುಯ್ಯಾಳಾಗಿ ಬಂದರು, ಸಂಘದವರನ್ನೂ ಕರೆತಂದರು. ಕೂಲಿಯಾಳು ಸಿಗದ ದಿನಗಳಲ್ಲಿ ಅದರ ಬೆಲೆ ನನ್ನ ಡೀಸೆಲ್‌ಗಿಂತ ದೊಡ್ಡದು.

ಈಗ ಆ ಹದಿಮೂರು ಮಡಿಗಳಿಗೆ ಟ್ರ್ಯಾಕ್ಟರ್ ಬೇಕಿಲ್ಲ. ಚಕ್ರ ಹತ್ತದ ಮಣ್ಣು ಸನಿಕೆಗೇ ಬರುತ್ತದೆ. ಬೆಳೆ ಮುಗಿದ ಮೇಲೆ ಗೊಬ್ಬರ ಹಾಕಿ ಮೇಲಿನ ಮೂರು ಇಂಚು ಕೆದಕಿದರೆ ಸಾಕು. ಆಚೆಯ ಐದು ಗುಂಟೆಗೆ ಮಾತ್ರ ಅವರೆ ಕಿತ್ತ ಮೇಲೆ ಒಂದು ಉಕ್ಕೆ, ಅದೂ ಒಂಬತ್ತು ಹಲ್ಲೂ ಕಟ್ಟಿಕೊಂಡು.

ಗರಿಕೆ ಬದುವಿನ ಕಡೆಯಿಂದ ಈಗಲೂ ನುಗ್ಗುತ್ತದೆ. ಅಕ್ಕ ಅಲ್ಲಿ ಒಂದಡಿ ಆಳದ ಕಾಲುವೆ ತೆಗೆದು, ಆಗಾಗ ಅದರಲ್ಲಿ ಕಾಣಿಸಿದ ಬೇರು ಕತ್ತರಿಸುತ್ತಾರೆ. ತಲೆನೋವು ಉಳಿದಿರೋದು ನೀರು ಟ್ಯಾಂಕಿನ ಪಕ್ಕದ ಮೂಲೆಯಲ್ಲಿ. ಅಲ್ಲಿ ಜೇಕು ಅನ್ನೋ ಗಡ್ಡೆಯ ಕಳೆ ಇದೆ. ಜೇಕಿನ ಗಡ್ಡೆ ಬಿಸಿಲಿಗೆ ಗರಿಕೆಯಷ್ಟು ಸುಲಭಕ್ಕೆ ಸೋಲಲ್ಲ, ಒಂದು ಗಡ್ಡೆ ಉಳಿದರೂ ಮಾಲೆಯಾಗಿ ಹಬ್ಬುತ್ತದೆ. ಆ ಮೂಲೆಯನ್ನು ಟ್ರ್ಯಾಕ್ಟರ್‌ನಿಂದ ಮುಟ್ಟಬಾರದು ಅಂತ ಮೊದಲೇ ಗೂಟ ಹೊಡೆದಿದ್ದೆವು, ಹಲ್ಲಿಗೆ ಸಿಕ್ಕಿದ ಗಡ್ಡೆ ಎಲ್ಲಾ ಕಡೆ ಹೋಗಬಾರದು ಅಂತ. ಬೇಸಿಗೆಯಲ್ಲಿ ಅದನ್ನು ಸನಿಕೆಯಲ್ಲೇ ಒಂದಡಿ ಅಗೆದು, ಮಣ್ಣನ್ನು ಜರಡಿ ಹಿಡಿದು ಗಡ್ಡೆ ಆರಿಸಿ, ನೀರು ಹಾಕಿ, ಮೇಲೆ ಪಾರದರ್ಶಕ ಪಾಲಿಥಿನ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ಆರು ವಾರ ಬಿಡೋದು ಅಂತಿದ್ದೇವೆ. ಹಾಳೆಯ ಬಿಸಿಗೆ ಗಡ್ಡೆಯೆಲ್ಲ ಸಾಯೋದಿಲ್ಲ, ಮೇಲಿನವು ಸೊರಗುತ್ತವೆ. ಉಳಿದದ್ದನ್ನು ಚಿಗುರಿದಾಗೆಲ್ಲ ಕೀಳಬೇಕು. ಎರಡು ವರ್ಷವಾದರೂ ಹಿಡಿಯುತ್ತದೆ ಅಂತ ಅಕ್ಕನಿಗೆ ಹೇಳಿದ್ದೇನೆ. ಸಂಘದವರಿಂದ ಜರಡಿ ತರಿಸಿ ಇಟ್ಟುಕೊಂಡಿದ್ದಾರೆ.